ಬಸಿರಿನಲ್ಲಿ ಆಂಟಿಸೈಕೋಟಿಕ್ ಮಾತ್ರೆ: ಹೊಟ್ಟೆಯಲ್ಲಿರುವ ಕೂಸಿಗೆ ನಿಜಕ್ಕೂ ಏನಾಗುತ್ತದೆ?

ಮುಟ್ಟು ತಪ್ಪಿ ಎರಡು ವಾರ. ಮೆಡಿಕಲ್ ಶಾಪಿನಿಂದ ತಂದ ಕಿಟ್‌ನಲ್ಲಿ ಎರಡು ಗೆರೆ ಮೂಡಿವೆ. ಮನೆಯವರೆಲ್ಲ ಖುಷಿಯಲ್ಲಿರುವಾಗಲೇ ಅತ್ತೆಯೋ ತಾಯಿಯೋ ಹೇಳುತ್ತಾರೆ: "ಇನ್ಮೇಲೆ ಆ ಮಾತ್ರೆ ಬೇಡ ಬಿಡಮ್ಮ, ಮಗೂಗೆ ಏನಾದ್ರೂ ಆದ್ರೆ?" ಸ್ಕಿಜೋಫ್ರೇನಿಯಾಕ್ಕೋ ಬೈಪೋಲಾರ್ ಕಾಯಿಲೆಗೋ ವರ್ಷಗಟ್ಟಲೆ ಮಾತ್ರೆ ನುಂಗಿ, ಮನೆ, ಕೆಲಸ ಎಲ್ಲವನ್ನೂ ನೆಟ್ಟಗೆ ನಡೆಸಿಕೊಂಡು ಬಂದ ಹೆಣ್ಣುಮಗಳು ಅಂದು ರಾತ್ರಿಯೇ ಮಾತ್ರೆ ಬಿಡುತ್ತಾಳೆ. ಕೆಡುಕು ಬಯಸಿ ಯಾರೂ ಹಾಗೆ ಹೇಳಿರುವುದಿಲ್ಲ. ಪರಿಚಯದ ನರ್ಸ್, ಔಷಧಿ ಅಂಗಡಿಯವರು, ಕೆಲವೊಮ್ಮೆ ಹೆರಿಗೆ ಡಾಕ್ಟರೂ ಅದನ್ನೇ ಹೇಳಿರುತ್ತಾರೆ. ಕೆಲವು ವಾರ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಮೇಲೆ ನಿದ್ದೆ ಕೆಡುತ್ತದೆ. ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿರುವಂತೆ ಕೇಳಿಸತೊಡಗುತ್ತದೆ. ಊಟಕ್ಕೆ ಏನೋ ಬೆರೆಸಿದ್ದಾರೆಂಬ ಅನುಮಾನ ಹುಟ್ಟಿ ತಟ್ಟೆ ಹಾಗೇ ಉಳಿಯುತ್ತದೆ. ನಾಲ್ಕೈದು ತಿಂಗಳಿಗೆ ಆಸ್ಪತ್ರೆ ಸೇರುವ ಹೊತ್ತಿಗೆ, ಮೊದಲು ಒಂದೇ ಮಾತ್ರೆ ಸಾಕಾಗುತ್ತಿದ್ದವಳಿಗೆ ಇಂಜೆಕ್ಷನ್ನೂ ಸೇರಿ ಎರಡು ಮೂರು ಔಷಧಿ ಬೇಕಾಗುತ್ತವೆ. ಕೂಸಿಗೆ ಔಷಧಿ ತಾಗದಿರಲೆಂದು ಮಾಡಿದ ಕೆಲಸದಿಂದ ಕೂಸಿಗೆ ಔಷಧಿಯೂ ಹೆಚ್ಚು ತಾಗಿತು, ತಾಯಿಯ ಕಾಯಿಲೆಯೂ ತಾಗಿತು.

ಈ ಮಾತ್ರೆಗಳ ಬಗ್ಗೆ ನಮ್ಮ ಭಯ ಎಷ್ಟು ದೊಡ್ಡದೋ ಕಳೆದ ಹದಿನೈದು ವರ್ಷಗಳಲ್ಲಿ ಸಿಕ್ಕಿರುವ ಪುರಾವೆ ಅಷ್ಟೇ ಸಮಾಧಾನ ಕೊಡುವಂಥದ್ದು. ತೊಂದರೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ತೊಂದರೆಗಳಿವೆ. ಆದರೆ ಜನ ಹೆದರುವ ಜಾಗದಲ್ಲಿ ಅವು ಕಡಿಮೆ, ಯಾರೂ ನೋಡದ ಜಾಗದಲ್ಲಿ ಹೆಚ್ಚು. ಯಾವುದು ಎಲ್ಲಿ ಎಂದು ತಿಳಿದರೆ ಮುಂಚೆಯೇ ತಯಾರಿ ಮಾಡಿಕೊಳ್ಳಬಹುದು.

ಯಾವ ಮಾತ್ರೆಯ ಮಾತು ಇದು

ಮೊದಲ ಆಂಟಿಸೈಕೋಟಿಕ್ ಔಷಧಿ ಕ್ಲೋರ್‌ಪ್ರೊಮಜೀನ್. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಅದು ಮನೋರೋಗಿಗಳಿಗೆ ಕೆಲಸ ಮಾಡುವುದು ಕಂಡುಬಂತು. ಹ್ಯಾಲೊಪೆರಿಡಾಲ್, ಟ್ರೈಫ್ಲುವೊಪೆರಜೀನ್ ಅದೇ ಹಳೆಯ ಗುಂಪಿನವು. ಈಗ ಚೀಟಿಗಳಲ್ಲಿ ಹೆಚ್ಚಾಗಿ ಕಾಣುವುದು ಹೊಸ ಗುಂಪು: ರಿಸ್ಪೆರಿಡೋನ್, ಒಲಾಂಜಪೀನ್, ಕ್ವೆಟಿಯಾಪೀನ್, ಅರಿಪಿಪ್ರಜೋಲ್, ಕ್ಲೋಜಪೀನ್. ಎಲ್ಲವೂ ಬೇರೆ ಬೇರೆ ಮಟ್ಟದಲ್ಲಿ ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೀನ್ ಎಂಬ ರಾಸಾಯನಿಕದ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತವೆ. ಸ್ಕಿಜೋಫ್ರೇನಿಯಾಕ್ಕಷ್ಟೇ ಅಲ್ಲ, ಬೈಪೋಲಾರ್ ಕಾಯಿಲೆಗೂ ತೀವ್ರ ಖಿನ್ನತೆಗೂ ಇವನ್ನು ಕೊಡುತ್ತಾರೆ.

ಇಲ್ಲೇ ಒಂದು ಗೊಂದಲ ಬಿಡಿಸಬೇಕು, ಯಾಕೆಂದರೆ ಇದರಿಂದ ನಿಜವಾದ ಅನಾಹುತ ಆಗುತ್ತದೆ. ಬೈಪೋಲಾರ್ ಇರುವವರ ಚೀಟಿಯಲ್ಲಿ ಆಂಟಿಸೈಕೋಟಿಕ್ ಜೊತೆಗೆ ಮನಸ್ಸಿನ ಏರಿಳಿತ ತಡೆಯುವ ವ್ಯಾಲ್ಪ್ರೊಯೇಟ್ ಕೂಡ ಇರುವುದುಂಟು. ಅದು ಬೇರೆಯೇ ಔಷಧಿ, ಬೇರೆಯೇ ಲೆಕ್ಕ. ಬಸಿರಿನಲ್ಲಿ ವ್ಯಾಲ್ಪ್ರೊಯೇಟ್ ತೆಗೆದುಕೊಂಡರೆ ನೂರರಲ್ಲಿ ಸುಮಾರು ಹತ್ತು ಮಕ್ಕಳಿಗೆ ದೊಡ್ಡ ಹುಟ್ಟುದೋಷ ಬರುತ್ತದೆ. ನೂರರಲ್ಲಿ ಒಂದೆರಡು ಮಕ್ಕಳ ಬೆನ್ನುಹುರಿಯ ನಾಳವೇ ಮುಚ್ಚಿಕೊಳ್ಳುವುದಿಲ್ಲ. ಹೊರಗೆ ಯಾವ ದೋಷವೂ ಕಾಣದ ಮಕ್ಕಳಲ್ಲೂ ಬುದ್ಧಿಮಟ್ಟ ಇಳಿಯುವುದು, ಆಟಿಸಂ ಹೆಚ್ಚುವುದು ಮತ್ತೆ ಮತ್ತೆ ಸಾಬೀತಾಗಿದೆ. ಮುಂದೆ ಮಗು ಬೇಕು ಎನ್ನುವ ವಯಸ್ಸಿನ ಹೆಣ್ಣುಮಗಳ ಚೀಟಿಯಲ್ಲಿ ವ್ಯಾಲ್ಪ್ರೊಯೇಟ್ ಇದ್ದರೆ, ಬಸಿರಾಗುವ ಮೊದಲೇ ಡಾಕ್ಟರ ಹತ್ತಿರ ಅದರ ಬಗ್ಗೆ ಕೇಳಲೇಬೇಕು. ಅದರ ಹೆಸರಿನ ಭಯವನ್ನು ಪಕ್ಕದಲ್ಲಿರುವ ಒಲಾಂಜಪೀನ್‌ಗೆ ಹಚ್ಚುವುದು ಎಷ್ಟು ತಪ್ಪೋ, ಒಲಾಂಜಪೀನ್‌ಗೆ ಸಿಕ್ಕ ಸಮಾಧಾನವನ್ನು ವ್ಯಾಲ್ಪ್ರೊಯೇಟ್‌ಗೆ ಹಚ್ಚುವುದು ಅದಕ್ಕಿಂತ ದೊಡ್ಡ ತಪ್ಪು.

ಮಾಸು ದಾಟುತ್ತದೆಯೇ?

ದಾಟುತ್ತದೆ. ತಾಯಿ ನುಂಗಿದ ಆಂಟಿಸೈಕೋಟಿಕ್ ಮಾಸಿನ (ಪ್ಲಾಸೆಂಟಾ) ಮೂಲಕ ಕೂಸಿನ ರಕ್ತಕ್ಕೆ ಸೇರುತ್ತದೆ, ಈ ಗುಂಪಿನ ಯಾವ ಔಷಧಿಯೂ ಇದಕ್ಕೆ ಹೊರತಲ್ಲ. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ದಾಟುವುದಿಲ್ಲ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ತಂಡ ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತವನ್ನೂ ಹೊಕ್ಕುಳಬಳ್ಳಿಯ ರಕ್ತವನ್ನೂ ಅಳೆದು 2007ರಲ್ಲಿ ಫಲಿತಾಂಶ ಪ್ರಕಟಿಸಿತು. ತಾಯಿಯ ರಕ್ತದಲ್ಲಿದ್ದ ಮಟ್ಟವನ್ನು ನೂರು ಎಂದುಕೊಂಡರೆ ಬಳ್ಳಿಯ ರಕ್ತದಲ್ಲಿ ಒಲಾಂಜಪೀನ್ ಸುಮಾರು 72, ಹ್ಯಾಲೊಪೆರಿಡಾಲ್ 65, ರಿಸ್ಪೆರಿಡೋನ್ 49, ಕ್ವೆಟಿಯಾಪೀನ್ 24 ಇತ್ತು. ಮಾಸಿನ ಜೀವಕೋಶಗಳಲ್ಲಿ ಹೊರಗಿನ ರಾಸಾಯನಿಕಗಳನ್ನು ತಾಯಿಯ ಕಡೆಗೇ ವಾಪಸು ತಳ್ಳುವ ಪ್ರೋಟೀನುಗಳಿವೆ. ಒಂದೊಂದು ಔಷಧಿಯನ್ನು ಅವು ಒಂದೊಂದು ಮಟ್ಟಿಗೆ ತಡೆಯುತ್ತವೆ.

ಹೊಸದಾಗಿ ಔಷಧಿ ಶುರು ಮಾಡಬೇಕಾದಾಗ ಕ್ವೆಟಿಯಾಪೀನ್ ಕಡೆಗೆ ಕೆಲವು ಡಾಕ್ಟರುಗಳ ಒಲವಿರುವುದಕ್ಕೆ ಈ ಅಂಕಿಯೂ ಒಂದು ಕಾರಣ. ಹಾಗೆಂದು, ಬೇರೆ ಔಷಧಿಯಲ್ಲಿ ಚೆನ್ನಾಗಿರುವವರನ್ನು ಬಸಿರಾದ ಮೇಲೆ ಎಳೆದು ಕ್ವೆಟಿಯಾಪೀನ್‌ಗೆ ಬದಲಾಯಿಸುವುದು ಜಾಣತನವಲ್ಲ. ಹೊಸ ಔಷಧಿ ಅವರಿಗೆ ಹಿಡಿಸುತ್ತದೆಂಬ ಖಾತ್ರಿಯಿಲ್ಲ. ಕೂಸು ಮಾತ್ರ ಒಂದರ ಬದಲು ಎರಡು ಔಷಧಿಗೆ ಒಡ್ಡಿಕೊಂಡಿರುತ್ತದೆ.

ಕೂಸಿನ ಮೈ ಕಟ್ಟುವ ಕ್ಯಾಲೆಂಡರ್

ಹುಟ್ಟುದೋಷದ ಬಗ್ಗೆ ಮಾತಾಡುವಾಗ ತಾರೀಖು ಬಹಳ ಮುಖ್ಯ. ಮಿದುಳು, ಬೆನ್ನುಹುರಿಗಳಾಗುವ ನರನಾಳ ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಕೊನೆಯ ಮುಟ್ಟಿನಿಂದ ಎಣಿಸುವ ಡಾಕ್ಟರ ಲೆಕ್ಕದಲ್ಲಿ ಅದು ಸರಿಸುಮಾರು ಆರನೇ ವಾರ. ಹೃದಯದ ಕೋಣೆಗಳು ಹತ್ತನೇ ವಾರದ ಆಸುಪಾಸಿಗೆ ಬೇರೆಯಾಗಿರುತ್ತವೆ. ಬಾಯಿಯ ಮೇಲ್ಛಾವಣಿ ಕೂಡಿಕೊಳ್ಳುವುದು ಹನ್ನೆರಡರ ಹೊತ್ತಿಗೆ. ಅಲ್ಲಿಗೆ ಅಂಗಗಳ ಮೂಲ ಕಟ್ಟಡ ಮುಗಿದು, ಮುಂದಿನದೆಲ್ಲ ಬೆಳೆಯುವ, ಪಕ್ವವಾಗುವ ಕೆಲಸ. ಮಿದುಳಿನದು ಮಾತ್ರ ಹುಟ್ಟಿದ ಮೇಲೂ ನಡೆಯುತ್ತಿರುತ್ತದೆ.

ಕಿಟ್‌ನಲ್ಲಿ ಎರಡು ಗೆರೆ ಕಂಡಾಗ ಆಕೆಗೆ ಆರು ವಾರ. ನರನಾಳ ಮುಚ್ಚಿಯಾಗಿದೆ. ಅಂದು ರಾತ್ರಿ ಮಾತ್ರೆ ಬಿಟ್ಟರೂ ಒಲಾಂಜಪೀನ್‌ನಂಥ ಔಷಧಿ ಮೈಯಿಂದ ಪೂರ್ತಿ ಹೋಗಲು ಒಂದು ವಾರ ಹಿಡಿಯುತ್ತದೆ. ತಿಂಗಳ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಅದು ತಿಂಗಳುಗಟ್ಟಲೆ ಉಳಿದಿರುತ್ತದೆ. ಗಾಬರಿಯಿಂದ ಬಿಟ್ಟ ಮಾತ್ರೆ ಯಾವ ಅಂಗವನ್ನು ಕಾಪಾಡಲೆಂದು ಬಿಟ್ಟದ್ದೋ ಆ ಅಂಗದ ಮಟ್ಟಿಗೆ ಸಮಯ ಬಹುಪಾಲು ಕಳೆದೇ ಹೋಗಿರುತ್ತದೆ. ಹಾಗಾಗಿಯೇ ಈ ಮಾತುಕತೆ ನಡೆಯಬೇಕಾದದ್ದು ಬಸಿರಿಗೆ ಮುಂಚೆ, ಸಾಧ್ಯವಾದರೆ ಮದುವೆಯ ಹೊತ್ತಿಗೇ.

ಸಾವಿರ ಬಸಿರುಗಳ ಲೆಕ್ಕ

ಔಷಧಿಯೆಂದರೆ ಅಂಗಹೀನ ಮಗು ಎಂಬ ಭಯದ ಬೇರು ಥ್ಯಾಲಿಡೊಮೈಡ್‌ನಲ್ಲಿದೆ. 1957ರಿಂದ 1961ರವರೆಗೆ ಮಾರಾಟವಾದ ಆ ಮಾತ್ರೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರು. ಬಹಳ ಅಪರೂಪದ ಒಂದು ದೋಷ ಏಕಾಏಕಿ ಹೆಚ್ಚಿದ್ದರಿಂದ ಹೆರಿಗೆ ವಾರ್ಡಿನ ಡಾಕ್ಟರುಗಳಿಗೇ ಅದು ಎದ್ದು ಕಂಡಿತು. ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದು ಎಪ್ಪತ್ತು ವರ್ಷ ದಾಟಿದೆ, ಬಸುರಿಯರ ವಿಪರೀತ ವಾಂತಿಗೂ ಅದನ್ನು ಕೊಟ್ಟದ್ದುಂಟು. ಅದಕ್ಕಾಗಲಿ ಅದರ ನಂತರದ ಆಂಟಿಸೈಕೋಟಿಕ್‌ಗಳಿಗಾಗಲಿ ಅಂಥ ಗುರುತಿನ ದೋಷ ಯಾವುದೂ ಕಂಡುಬಂದಿಲ್ಲ. ಅಪಾಯ ಇದ್ದರೂ ಸಣ್ಣದಿರಬೇಕು, ಅದನ್ನು ಕಾಣಲು ಲಕ್ಷಗಟ್ಟಲೆ ಬಸಿರುಗಳನ್ನು ಎಣಿಸಬೇಕು.

ಅಂಥ ಎಣಿಕೆ 2016ರಲ್ಲಿ ಬಂತು. ಅಮೆರಿಕದ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನ ದಾಖಲೆಗಳಿಂದ 2000ದಿಂದ 2010ರವರೆಗಿನ ಸುಮಾರು 13.6 ಲಕ್ಷ ಬಸಿರುಗಳನ್ನು ಹಾರ್ವರ್ಡ್‌ನ ಸಂಶೋಧಕರು ನೋಡಿದರು. ಮೊದಲ ಮೂರು ತಿಂಗಳಲ್ಲಿ ಹೊಸ ಗುಂಪಿನ ಆಂಟಿಸೈಕೋಟಿಕ್ ತೆಗೆದುಕೊಂಡವರು 9,258 ಮಂದಿ, ಹಳೆಯ ಗುಂಪಿನದು 733 ಮಂದಿ. ಏನೂ ತೆಗೆದುಕೊಳ್ಳದ ತಾಯಂದಿರ ಸಾವಿರ ಮಕ್ಕಳಲ್ಲಿ 32.7 ಮಕ್ಕಳಿಗೆ ಹುಟ್ಟುದೋಷ. ಹೊಸ ಗುಂಪಿನ ಮಾತ್ರೆ ತೆಗೆದುಕೊಂಡವರಲ್ಲಿ ಸಾವಿರಕ್ಕೆ 44.5.

ಇಲ್ಲಿಗೆ ಓದು ನಿಲ್ಲಿಸಿದರೆ ಮಾತ್ರೆಯಿಂದ ದೋಷ ಹೆಚ್ಚಾಯಿತು ಎಂದೇ ಅನಿಸುತ್ತದೆ. ಆದರೆ ಈ ಎರಡು ಗುಂಪಿನ ತಾಯಂದಿರಿಗೆ ಇದ್ದ ವ್ಯತ್ಯಾಸ ಮಾತ್ರೆಯದೊಂದೇ ಅಲ್ಲ. ಮಾತ್ರೆ ತೆಗೆದುಕೊಂಡವರಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು ಹೆಚ್ಚು. ಸಿಗರೇಟು, ಮದ್ಯ ಹೆಚ್ಚು. ವ್ಯಾಲ್ಪ್ರೊಯೇಟ್‌ನಂಥ ಬೇರೆ ಔಷಧಿಗಳೂ ಜೊತೆಗಿರುವುದು ಹೆಚ್ಚು. ಮಲೆನಾಡಿನ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದವರೇ ನೆಂದಿರುತ್ತಾರೆ, ಒಲೆ ಮುಂದೆ ಕೂತವರು ನೆಂದಿರುವುದಿಲ್ಲ. ಅದನ್ನು ನೋಡಿ ಕೊಪ್ಪೆಯೇ ನೆನೆಸಿತು ಎನ್ನಲಾಗುತ್ತದೆಯೇ? ಸಂಶೋಧಕರು ಈ ವ್ಯತ್ಯಾಸಗಳನ್ನೆಲ್ಲ ಸರಿದೂಗಿಸಿ, ಒಂದೇ ಬಗೆಯ ತಾಯಂದಿರನ್ನು ಎದುರುಬದುರು ಇಟ್ಟು ಮತ್ತೆ ಲೆಕ್ಕ ಹಾಕಿದರು. ಹೊಸ ಗುಂಪಿನ ಅಪಾಯ 1.05 ಪಟ್ಟಿಗೆ ಇಳಿಯಿತು, ಹಳೆಯ ಗುಂಪಿನದು 0.90. ಒಂದು ಎಂದರೆ ವ್ಯತ್ಯಾಸವೇ ಇಲ್ಲ ಎಂದರ್ಥ. ಸಾವಿರಕ್ಕೆ ಹನ್ನೆರಡರಷ್ಟು ಕಂಡಿದ್ದ ಹೆಚ್ಚಳದ ಬಹುಪಾಲು ಮಾತ್ರೆಯದಾಗಿರಲಿಲ್ಲ.

ಒಂದು ಔಷಧಿ ಮಾತ್ರ ಸ್ವಲ್ಪ ಬೇರೆಯಾಗಿ ನಿಂತಿತು. ರಿಸ್ಪೆರಿಡೋನ್‌ನಲ್ಲಿ ಸರಿದೂಗಿಸಿದ ಮೇಲೂ 1.26 ಪಟ್ಟು ಉಳಿಯಿತು. "ಅಪಾಯ ಶೇ 26ರಷ್ಟು ಹೆಚ್ಚು" ಎಂದು ಬರೆದರೆ ಎದೆ ಧಸಕ್ಕೆನ್ನುತ್ತದೆ. ಅದನ್ನೇ ಮಕ್ಕಳ ಲೆಕ್ಕದಲ್ಲಿ ಹೇಳಿದರೆ, ಸಾವಿರಕ್ಕೆ 33ರ ಜಾಗದಲ್ಲಿ 41ರ ಆಸುಪಾಸು. ಉಳಿದ 959 ಮಕ್ಕಳಿಗೆ ಯಾವ ದೋಷವೂ ಇಲ್ಲ. ಇದು ಆಕಸ್ಮಿಕವೂ ಇರಬಹುದು, ಮುಂದೆ ಇನ್ನಷ್ಟು ನೋಡಬೇಕು ಎಂದು ಆ ಸಂಶೋಧಕರೇ ಹೇಳಿದ್ದರು. 2023ರಲ್ಲಿ ನಾರ್ಡಿಕ್ ದೇಶಗಳನ್ನೂ ಸೇರಿಸಿಕೊಂಡು 60 ಲಕ್ಷಕ್ಕೂ ಹೆಚ್ಚು ಬಸಿರುಗಳ ಅಧ್ಯಯನ ಬಂತು. ಒಟ್ಟು ಹುಟ್ಟುದೋಷಗಳಲ್ಲಿ ಹೇಳಿಕೊಳ್ಳುವಂಥ ಹೆಚ್ಚಳ ಅದರಲ್ಲೂ ಕಾಣಲಿಲ್ಲ. ಒಲಾಂಜಪೀನ್‌ನಲ್ಲಿ ಸೀಳುತುಟಿ, ಸೀಳು ಅಂಗಳ ಸುಮಾರು ಎರಡು ಪಟ್ಟು ಎಂಬ ಸುಳಿವು ಸಿಕ್ಕಿತು. ಸೀಳುತುಟಿ ಸಾಮಾನ್ಯವಾಗಿ ಸಾವಿರ ಮಕ್ಕಳಲ್ಲಿ ಒಬ್ಬರ ಆಸುಪಾಸಿನಲ್ಲಿ ಬರುತ್ತದೆ, ಅದು ಎರಡಾಗಬಹುದು ಎಂದಾಯಿತು.

ನಮ್ಮ ಕಡೆ ಈ ಲೆಕ್ಕಕ್ಕೆ ಇನ್ನೊಂದು ಎಳೆ ಸೇರುತ್ತದೆ. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಕರ್ನಾಟಕದಲ್ಲಿ ಇನ್ನೂ ಇದೆ, ಅದರಿಂದ ಹುಟ್ಟುದೋಷದ ಸಾಧ್ಯತೆ ಏರುತ್ತದೆ. ಅಂಥ ಮನೆಯಲ್ಲಿ ತೊಂದರೆಯಿರುವ ಮಗು ಹುಟ್ಟಿದಾಗ ತಾಯಿ ತಿಂದ ಮಾತ್ರೆಯೇ ಕಾರಣ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಯಾವ ಮಾತ್ರೆಯನ್ನೂ ತಿನ್ನದ ತಾಯಂದಿರಲ್ಲೂ ನೂರಕ್ಕೆ ಮೂರು ಮಕ್ಕಳಿಗೆ ಹುಟ್ಟುದೋಷ ಇರುತ್ತದೆಂಬುದನ್ನು ಬಸಿರಿನಲ್ಲೇ ಮನೆಯವರಿಗೆಲ್ಲ ಕೂರಿಸಿ ಹೇಳಿದ್ದರೆ, ಆ ತಾಯಿಯ ತಲೆ ಮೇಲೆ ಜೀವನಪೂರ್ತಿಯ ಅಪರಾಧ ಹೊರಿಸುವುದು ತಪ್ಪುತ್ತಿತ್ತು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು ಅನಿಸುತ್ತದೆ ನನಗೆ.

ಹಳೆಯ ಎ, ಬಿ, ಸಿ, ಡಿ ಅಕ್ಷರಗಳ ಬಗ್ಗೆಯೂ ಎರಡು ಮಾತು. ಬಸಿರಿನಲ್ಲಿ ಔಷಧಿ ಎಷ್ಟು ಸುರಕ್ಷಿತ ಎಂದು ಹೇಳಲು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಳಸುತ್ತಿದ್ದ ಈ ಅಕ್ಷರಗಳನ್ನು ಇಂಟರ್ನೆಟ್‌ನಲ್ಲಿ ಜನ ಈಗಲೂ ಹುಡುಕುತ್ತಾರೆ. ಆ ಪದ್ಧತಿಯಲ್ಲಿ ಕ್ಲೋಜಪೀನ್‌ಗೆ ಬಿ, ಬಹುಪಾಲು ಉಳಿದವಕ್ಕೆ ಸಿ. ಹಾಗಾದರೆ ಕ್ಲೋಜಪೀನ್ ಹೆಚ್ಚು ಸುರಕ್ಷಿತವೇ? ಅಲ್ಲ. ಆ ಬಿ ಬಂದದ್ದು ಪ್ರಾಣಿಗಳ ಮೇಲಿನ ಪ್ರಯೋಗದಿಂದ. ಇಂಥ ತಪ್ಪು ತಿಳಿವಳಿಕೆ ಹೆಚ್ಚಾದ್ದರಿಂದಲೇ 2015ರಿಂದ ಎಫ್‌ಡಿಎ ಆ ಅಕ್ಷರಗಳನ್ನು ಕೈಬಿಟ್ಟು, ಪ್ರತಿ ಔಷಧಿಯ ಬಗ್ಗೆ ವಿವರವಾಗಿ ಬರೆಯುವ ಪದ್ಧತಿಗೆ ಬಂತು.

ತಾಯಿಯ ಸಕ್ಕರೆಯ ದಾರಿಯಲ್ಲಿ

ಕೂಸಿನ ಬೆಳವಣಿಗೆಗೆ ಈ ಮಾತ್ರೆಗಳಿಂದ ಹೆಚ್ಚು ಖಚಿತವಾಗಿ ಕಾಣುವ ತೊಂದರೆ ತಾಯಿಯ ರಕ್ತದ ಸಕ್ಕರೆಯ ಮೂಲಕ ಬರುತ್ತದೆ. ಒಲಾಂಜಪೀನ್, ಕ್ಲೋಜಪೀನ್, ಸ್ವಲ್ಪ ಮಟ್ಟಿಗೆ ಕ್ವೆಟಿಯಾಪೀನ್ ಹಸಿವು ಹೆಚ್ಚಿಸುತ್ತವೆ, ತೂಕ ಏರಿಸುತ್ತವೆ, ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಬಸಿರಿನಲ್ಲಿ ಇನ್ಸುಲಿನ್ ಹೇಗೂ ಮಂದವೇ. 2018ರಲ್ಲಿ ಬಂದ ಅಧ್ಯಯನವೊಂದರಲ್ಲಿ ಮೊದಲೇ ಔಷಧಿ ತೆಗೆದುಕೊಳ್ಳುತ್ತಿದ್ದವರನ್ನು ಬಸಿರಿನಲ್ಲಿ ಮುಂದುವರಿಸಿದವರು, ನಿಲ್ಲಿಸಿದವರು ಎಂದು ಹೋಲಿಸಿದ್ದರು. ಒಲಾಂಜಪೀನ್ ಮುಂದುವರಿಸಿದವರಲ್ಲಿ ನೂರಕ್ಕೆ 12 ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಬಂತು, ನಿಲ್ಲಿಸಿದವರಲ್ಲಿ ನೂರಕ್ಕೆ ಐವರಿಗೂ ಕಡಿಮೆ. ಉಳಿದ ವ್ಯತ್ಯಾಸಗಳನ್ನು ಸರಿದೂಗಿಸಿದ ಮೇಲೆ ಒಲಾಂಜಪೀನ್‌ನಲ್ಲಿ 1.61 ಪಟ್ಟು, ಕ್ವೆಟಿಯಾಪೀನ್‌ನಲ್ಲಿ 1.28 ಪಟ್ಟು ಉಳಿಯಿತು. ಅರಿಪಿಪ್ರಜೋಲ್‌ನಲ್ಲಿ ಹೆಚ್ಚಳ ಇರಲಿಲ್ಲ.

ತಾಯಿಯ ಸಕ್ಕರೆ ಹೆಚ್ಚಿದ್ದರೆ ಅದು ಮಾಸು ದಾಟಿ ಕೂಸಿಗೆ ಹೋಗುತ್ತದೆ. ಕೂಸು ತಾನೇ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ, ಮೈ ದಪ್ಪವಾಗುತ್ತದೆ. ಹೆರಿಗೆ ಕಷ್ಟವಾಗಬಹುದು. ಬಳ್ಳಿ ಕತ್ತರಿಸಿದ ಕೂಡಲೇ ತಾಯಿಯ ಸಕ್ಕರೆ ನಿಲ್ಲುತ್ತದೆ, ಕೂಸಿನ ಇನ್ಸುಲಿನ್ ಮಾತ್ರ ಹಾಗೇ ಇರುವುದರಿಂದ ಅದರ ಸಕ್ಕರೆ ಕುಸಿಯಬಹುದು. ಸಮಾಧಾನದ ವಿಷಯವೆಂದರೆ ಇದನ್ನು ಹಿಡಿಯುವ ಪರೀಕ್ಷೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಮಾಡುವಂಥದ್ದು. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. ಖಾಲಿ ಹೊಟ್ಟೆಯಲ್ಲೇ ಬರಬೇಕೆಂದಿಲ್ಲ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. ಒಲಾಂಜಪೀನ್ ತೆಗೆದುಕೊಳ್ಳುವ ಬಸುರಿಗೆ ಎರಡನೆಯದನ್ನು ತಪ್ಪಿಸಲೇಬಾರದು.

ತೂಕ ಕಡಿಮೆಯಾಗುವುದು, ದಿನ ತುಂಬದ ಹೆರಿಗೆ ಇವುಗಳ ಬಗ್ಗೆ ಹಳೆಯ ವರದಿಗಳಿದ್ದವು. ಕೆನಡಾದ ಒಂಟಾರಿಯೊದಲ್ಲಿ 1,021 ಜೋಡಿಗಳನ್ನು ಸಮಸಮವಾಗಿ ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಗುಂಪಿನಲ್ಲಿ ದಿನ ತುಂಬದ ಹೆರಿಗೆ ನೂರಕ್ಕೆ 14ರ ಆಸುಪಾಸು ಇತ್ತು. ಮಾತ್ರೆ ತೆಗೆದುಕೊಂಡರೂ ಅಷ್ಟೆ, ಬಿಟ್ಟರೂ ಅಷ್ಟೆ. ಆದರೆ ಸಾಮಾನ್ಯ ತಾಯಂದಿರಿಗಿಂತ ಅದು ಹೆಚ್ಚು. ಕಾಯಿಲೆ ಇರುವ ತಾಯಿಗೆ ಬಸಿರಿನ ಆರೈಕೆಯೇ ಹೆಚ್ಚು ಬೇಕು ಎಂದು ಇದರಿಂದ ತಿಳಿಯಬೇಕು.

ಹುಟ್ಟಿದ ಮೊದಲ ಮೂರು ದಿನ

ಒಂಬತ್ತು ತಿಂಗಳು ರಕ್ತದಲ್ಲಿದ್ದ ಔಷಧಿ ಹೆರಿಗೆಯಾದ ಕ್ಷಣ ನಿಂತುಹೋಗುತ್ತದೆ. 2011ರ ಫೆಬ್ರವರಿಯಲ್ಲಿ ಎಫ್‌ಡಿಎ ಎಲ್ಲ ಆಂಟಿಸೈಕೋಟಿಕ್‌ಗಳ ಮಾಹಿತಿ ಪತ್ರದಲ್ಲೂ ಹುಟ್ಟಿದ ಕೂಸಿನಲ್ಲಿ ಕಾಣಬಹುದಾದ ತೊಂದರೆಗಳ ಎಚ್ಚರಿಕೆ ಸೇರಿಸಿತು. ಕೊನೆಯ ಮೂರು ತಿಂಗಳಲ್ಲಿ ಮಾತ್ರೆ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಕಂಡ 69 ಪ್ರಕರಣಗಳು ಅದರ ಆಧಾರ.

ಏನು ಕಾಣುತ್ತದೆ? ಬಟ್ಟೆ ಬಿಚ್ಚಿ ಮಲಗಿಸಿದಾಗ ಕೂಸಿನ ಕೈಕಾಲು ಸಣ್ಣಗೆ ನಡುಗುತ್ತವೆ. ತೋಳನ್ನು ಮಡಚಿ ಬಿಡಿಸಿದರೆ ಗಟ್ಟಿಯಾಗಿ ತಡೆಯುತ್ತದೆ, ಇಲ್ಲವೇ ಬಟ್ಟೆಗೊಂಬೆಯಂತೆ ಜೋತುಬೀಳುತ್ತದೆ. ಕೆಲವು ಮಕ್ಕಳು ಸುಮ್ಮನಾಗದೆ ಕೀರಲು ದನಿಯಲ್ಲಿ ಅಳುತ್ತವೆ, ಕೆಲವು ಹಾಲು ಕುಡಿಯಲೂ ಏಳದಷ್ಟು ನಿದ್ದೆಯಲ್ಲಿರುತ್ತವೆ. ಮೊಲೆ ಬಾಯಿಗಿಟ್ಟರೆ ಎರಡು ಸಲ ಚೀಪಿ ಬಿಟ್ಟುಬಿಡುತ್ತವೆ. ಉಸಿರಾಟ ವೇಗವಾಗಿ ಪಕ್ಕೆ ಒಳಗೆಳೆಯುವುದು ಇವೆಲ್ಲಕ್ಕಿಂತ ಗಂಭೀರ, ಅಂಥ ಮಗುವನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ (ಎನ್‌ಐಸಿಯು) ಕಳಿಸಬೇಕಾಗುತ್ತದೆ. ಕೆಲವು ಮಕ್ಕಳು ಗಂಟೆಗಳಲ್ಲಿ, ಇನ್ನು ಕೆಲವು ದಿನಗಳಲ್ಲಿ ತಾವಾಗಿಯೇ ಸರಿಹೋಗುತ್ತವೆ. ಬೆಚ್ಚಗೆ ತಾಯಿಯ ಮೈಗೆ ಅಂಟಿಸಿಕೊಂಡು ಮಲಗಿಸುವುದು, ಸ್ವಲ್ಪ ಸ್ವಲ್ಪ ಹಾಲು ಪದೇ ಪದೇ ಕೊಡುವುದು, ಸಕ್ಕರೆ ಮತ್ತು ಕ್ಯಾಲ್ಸಿಯಂ ನೋಡುವುದು, ಬಹುಪಾಲು ಮಕ್ಕಳಿಗೆ ಇಷ್ಟೇ ಚಿಕಿತ್ಸೆ.

ತೊಂದರೆ ಆಗುವುದು ಮಕ್ಕಳ ಡಾಕ್ಟರಿಗೆ ವಿಷಯವೇ ಗೊತ್ತಿಲ್ಲದಾಗ. ಮದುವೆಯಲ್ಲಿ ಮುಚ್ಚಿಟ್ಟ ಕಾಯಿಲೆಯನ್ನು ಹೆರಿಗೆ ಆಸ್ಪತ್ರೆಯಲ್ಲೂ ಮುಚ್ಚಿಡುತ್ತಾರೆ. ನಡುಗುವ ಮಗುವಿಗೆ ಸೋಂಕಿರಬಹುದೆಂದು ಆಂಟಿಬಯೋಟಿಕ್ ಹಾಕಿ, ಬೆನ್ನಿನ ನೀರು ತೆಗೆದು, ತಾಯಿಯಿಂದ ಬೇರೆ ಇಡುತ್ತಾರೆ. ಇಲ್ಲವೇ ಇಪ್ಪತ್ತನಾಲ್ಕು ಗಂಟೆಗೇ ಮನೆಗೆ ಕಳಿಸಿ, ಎರಡನೇ ದಿನ ಶುರುವಾಗುವ ಲಕ್ಷಣ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ಮೂರು ದಿನ ಆಸ್ಪತ್ರೆಯಲ್ಲೇ ನೋಡಿಕೊಳ್ಳಬೇಕು. ತಾಯಿ ಕ್ಲೋಜಪೀನ್‌ನಲ್ಲಿದ್ದರೆ ಮಗುವಿನ ಬಿಳಿ ರಕ್ತಕಣಗಳ ಎಣಿಕೆಯೂ ಆಗಬೇಕು.

ದೊಡ್ಡವನಾದ ಮೇಲೆ ಮಿದುಳು?

ತಂದೆತಾಯಿ ಮೆಲ್ಲಗೆ ಕೇಳುವ ಪ್ರಶ್ನೆ ಇದು. ಡೋಪಮೀನ್ ಬರೀ ಸಂದೇಶವಾಹಕವಲ್ಲ, ಬೆಳೆಯುವ ಮಿದುಳಿನಲ್ಲಿ ನರಕೋಶಗಳು ತಮ್ಮ ಜಾಗ ಸೇರುವುದಕ್ಕೂ ಕೊಂಡಿ ಕಟ್ಟಿಕೊಳ್ಳುವುದಕ್ಕೂ ಅದರ ಪಾತ್ರವಿದೆ. ಹಾಗಾಗಿ ಪ್ರಶ್ನೆ ನ್ಯಾಯವಾದದ್ದೇ. ಚೀನಾದಲ್ಲಿ 76 ಮಕ್ಕಳನ್ನು ಅಷ್ಟೇ ಸಂಖ್ಯೆಯ ಬೇರೆ ಮಕ್ಕಳ ಜೊತೆ ಹೋಲಿಸಿ 2013ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ, ಎರಡನೇ ಮತ್ತು ಆರನೇ ತಿಂಗಳಲ್ಲಿ ಮಾತ್ರೆಗೆ ಒಡ್ಡಿಕೊಂಡ ಮಕ್ಕಳು ಸ್ವಲ್ಪ ಹಿಂದಿದ್ದರು. ಹನ್ನೆರಡನೇ ತಿಂಗಳಿಗೆ ಆ ಅಂತರ ಮುಚ್ಚಿಹೋಗಿತ್ತು. 2022ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ ಬಂತು: ಬಸಿರಿನ ಎರಡನೇ ಅರ್ಧದಲ್ಲಿ ಹೊಸ ಗುಂಪಿನ ಔಷಧಿಗೆ ಒಡ್ಡಿಕೊಂಡ ಸುಮಾರು 9,500 ಮಕ್ಕಳು, ಕೆಲವರನ್ನು 14 ವರ್ಷದವರೆಗೂ ಗಮನಿಸಿದ್ದರು. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ), ಕಲಿಕೆಯ ತೊಂದರೆ, ಮಾತಿನ ತೊಂದರೆ ಎಲ್ಲವೂ ಮೇಲ್ನೋಟಕ್ಕೆ ಹೆಚ್ಚು ಕಂಡವು. ತಾಯಿಯ ಕಾಯಿಲೆ ಮತ್ತು ಇತರ ವ್ಯತ್ಯಾಸಗಳನ್ನು ಸರಿದೂಗಿಸಿದ ಮೇಲೆ ಆ ಹೆಚ್ಚಳ ಬಹುಪಾಲು ಕರಗಿತು. ಅರಿಪಿಪ್ರಜೋಲ್‌ನಲ್ಲಿ ಮಾತ್ರ 1.36 ಪಟ್ಟು ಉಳಿಯಿತು, ಅದನ್ನು ಮುಂದಿನ ಅಧ್ಯಯನಗಳು ಪರೀಕ್ಷಿಸಬೇಕು.

ತಾಯಿಯ ಕಾಯಿಲೆಯೂ ಮಗುವಿನ ಮಿದುಳಿನ ಪರಿಸರವೇ. ಊಟ ಬಿಟ್ಟ, ರಾತ್ರಿಯಿಡೀ ಎದ್ದಿರುವ, ತನ್ನ ಹೊಟ್ಟೆಯಲ್ಲಿರುವುದು ಮಗುವೇ ಅಲ್ಲ ಎಂದು ನಂಬಿರುವ ತಾಯಿ ಸ್ಕ್ಯಾನಿಗೆ ಬರುವುದಿಲ್ಲ, ಕಬ್ಬಿಣದ ಮಾತ್ರೆ ನುಂಗುವುದಿಲ್ಲ, ನೋವು ಶುರುವಾದರೂ ಹೇಳುವುದಿಲ್ಲ. ಜೀವಕ್ಕೇ ಅಪಾಯ ತಂದುಕೊಳ್ಳುವ ಸಂದರ್ಭಗಳೂ ಇವೆ. ಮಾತ್ರೆಯ ಅಪಾಯವನ್ನು ಅಳೆಯುವಾಗ ಎದುರಿನ ತಕ್ಕಡಿಯಲ್ಲಿ ಆರೋಗ್ಯವಂತ ಬಸಿರನ್ನು ಇಡುವುದು ಸುಳ್ಳು ಲೆಕ್ಕ, ಅಲ್ಲಿ ಇಡಬೇಕಾದದ್ದು ಈ ಬಸಿರನ್ನು.

ಡೋಸು, ತವರು, ಬಾಣಂತನ

ಕಾಯಿಲೆ ಬಹಳ ಸೌಮ್ಯವಾಗಿದ್ದವರಲ್ಲಿ ಡಾಕ್ಟರು ನಿಧಾನವಾಗಿ ಇಳಿಸಿ ನಿಲ್ಲಿಸಲೂಬಹುದು, ಆ ತೀರ್ಮಾನ ಒಬ್ಬೊಬ್ಬರಿಗೆ ಒಂದೊಂದು. ಉಳಿದವರಿಗೆ ಸಾಮಾನ್ಯವಾಗಿ ಅನುಸರಿಸುವ ದಾರಿ ಹೀಗೆ: ಈವರೆಗೆ ಹಿಡಿಸಿರುವ ಔಷಧಿಯನ್ನೇ, ಒಂದನ್ನೇ, ಕಾಯಿಲೆ ತಡೆಯುವಷ್ಟೇ ಡೋಸಿನಲ್ಲಿ. ನಡುಕಕ್ಕೆಂದು ಅಭ್ಯಾಸಬಲದಿಂದ ಬರೆಯುವ ಟ್ರೈಹೆಕ್ಸಿಫೆನಿಡಿಲ್‌ನಂಥ ಮಾತ್ರೆ ಬೇಕೇಬೇಕೇ ಎಂದು ಕೇಳಬೇಕು. ಫೋಲಿಕ್ ಆಸಿಡ್ ಬಸಿರಿಗೆ ಮುಂಚೆಯೇ ಶುರುವಾಗಬೇಕು. 18ರಿಂದ 20ನೇ ವಾರದಲ್ಲಿ ಕೂಸಿನ ಅಂಗಗಳನ್ನು ನೋಡುವ ಅನಾಮಲಿ ಸ್ಕ್ಯಾನ್ ಆಗಬೇಕು.

"ಇಳಿಸುವುದೇ ಒಳ್ಳೆಯದು" ಎಂಬುದು ಕೂಡ ಎಲ್ಲ ಸಂದರ್ಭಕ್ಕೂ ಸರಿಯಲ್ಲ. ಬಸಿರಿನಲ್ಲಿ ಯಕೃತ್ತಿನ ಕೆಲವು ಕಿಣ್ವಗಳು ಚುರುಕಾಗುತ್ತವೆ. ನಾರ್ವೆಯ ಸಂಶೋಧಕರು 2018ರಲ್ಲಿ ತೋರಿಸಿದಂತೆ, ಕೊನೆಯ ಮೂರು ತಿಂಗಳಲ್ಲಿ ರಕ್ತದಲ್ಲಿ ಕ್ವೆಟಿಯಾಪೀನ್ ಮಟ್ಟ ಶೇ 76ರಷ್ಟು, ಅರಿಪಿಪ್ರಜೋಲ್ ಶೇ 52ರಷ್ಟು ಇಳಿಯುತ್ತದೆ. ಒಲಾಂಜಪೀನ್ ಅಷ್ಟಾಗಿ ಬದಲಾಗುವುದಿಲ್ಲ. ಮಾತ್ರೆ ತಪ್ಪಿಸದೆ ನುಂಗುತ್ತಿದ್ದರೂ ಏಳನೇ ತಿಂಗಳಲ್ಲಿ ನಿದ್ದೆ ಕೆಡತೊಡಗಿದರೆ ಕಾರಣ ಇದಾಗಿರಬಹುದು, ಡೋಸು ಏರಿಸಬೇಕಾಗಬಹುದು.

ಅಂದುಕೊಳ್ಳದೆಯೇ ಬಸಿರಾಗುವುದಕ್ಕೂ ಔಷಧಿಗೂ ನಂಟಿದೆ. ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುವುದರಿಂದ ಮುಟ್ಟು ನಿಲ್ಲುವುದುಂಟು. ಕ್ವೆಟಿಯಾಪೀನ್‌ಗೋ ಒಲಾಂಜಪೀನ್‌ಗೋ ಬದಲಾಯಿಸಿದಾಗ ಪ್ರೊಲ್ಯಾಕ್ಟಿನ್ ಇಳಿದು ಮುಟ್ಟು ಮರಳುತ್ತದೆ, ಮರಳುವ ಮೊದಲೇ ಗರ್ಭ ನಿಂತುಬಿಡಲೂಬಹುದು. ಔಷಧಿ ಬದಲಾಯಿಸಿದ ದಿನವೇ ಈ ಮಾತು ಹೇಳಬೇಕು.

ನಮ್ಮಲ್ಲಿ ಏಳನೇ ತಿಂಗಳಿಗೆ ಸೀಮಂತ ಮಾಡಿ ತವರಿಗೆ ಕರೆದೊಯ್ಯುತ್ತಾರೆ. ಮಾತ್ರೆ ಬರೆಯುವ ಡಾಕ್ಟರು ಗಂಡನ ಊರಿನಲ್ಲಿ, ಹೆರಿಗೆ ಮಾಡಿಸುವವರು ತವರಿನಲ್ಲಿ. ಈ ಎರಡರ ನಡುವೆ ಚೀಟಿ ಕಳೆದುಹೋಗುವುದು ಬಹಳ. ತಾಯಿ ಕಾರ್ಡಿನ ಜೊತೆಗೇ ಔಷಧಿಯ ಹೆಸರು, ಡೋಸು, ಕಾಯಿಲೆ ಮರಳುವಾಗ ಮೊದಲು ಕಾಣುವ ಲಕ್ಷಣಗಳು, ಮನೋವೈದ್ಯರ ಫೋನ್ ನಂಬರ್ ಬರೆದ ಹಾಳೆ ಇಟ್ಟುಕೊಳ್ಳಬೇಕು. ಆಶಾ ಕಾರ್ಯಕರ್ತೆಗೂ ಗೊತ್ತಿದ್ದರೆ ಒಳ್ಳೆಯದು. ಹತ್ತಿರದಲ್ಲಿ ಮನೋವೈದ್ಯರಿಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮಾನಸಿಕ ಆರೋಗ್ಯಕ್ಕೆಂದೇ ವಿಭಾಗವಿದೆ. 2009ರಲ್ಲಿ ಶುರುವಾದ ಅಲ್ಲಿಯ ತಾಯಿ ಮಗು ವಾರ್ಡಿನಲ್ಲಿ ಮಗುವನ್ನು ಬೇರೆ ಮಾಡದೆಯೇ ತಾಯಿಗೆ ಚಿಕಿತ್ಸೆ ಕೊಡುತ್ತಾರೆ.

ಹೆರಿಗೆಯ ನಂತರದ ಮೊದಲ ವಾರಗಳು ಇಡೀ ಬಸಿರಿಗಿಂತ ನಾಜೂಕು. ಯಾವ ಕಾಯಿಲೆಯೂ ಇಲ್ಲದವರಲ್ಲೂ ಸಾವಿರಕ್ಕೆ ಒಬ್ಬಿಬ್ಬರಿಗೆ ಬಾಣಂತಿ ಸೈಕೋಸಿಸ್ (ಹೆರಿಗೆಯ ನಂತರ ವಾಸ್ತವದ ಅರಿವು ತಪ್ಪುವ ತೀವ್ರ ಮನೋರೋಗ) ಬರುತ್ತದೆ, ಬೈಪೋಲಾರ್ ಇರುವವರಲ್ಲಿ ಐವರಲ್ಲಿ ಒಬ್ಬರಿಗೆ ಎನ್ನುವಷ್ಟು. ರಾತ್ರಿ ಒಂದು ಸಲದ ಹಾಲನ್ನು ಮೊದಲೇ ಹಿಂಡಿಟ್ಟು ಅಜ್ಜಿಯೋ ಗಂಡನೋ ಕುಡಿಸಿದರೆ ಬಾಣಂತಿಗೆ ಸತತವಾಗಿ ಐದಾರು ಗಂಟೆ ನಿದ್ದೆ ಸಿಗುತ್ತದೆ. ಎದೆಹಾಲಿನ ಬಗ್ಗೆ ಹೆದರಬೇಕಾದದ್ದು ಕಡಿಮೆ: ಒಲಾಂಜಪೀನ್, ಕ್ವೆಟಿಯಾಪೀನ್ ಹಾಲಿಗೆ ಬಹಳ ಸ್ವಲ್ಪ ಸೇರುತ್ತವೆ, ತೂಕಕ್ಕೆ ಹೊಂದಿಸಿದ ಲೆಕ್ಕದಲ್ಲಿ ಮಗುವಿಗೆ ಸಿಗುವುದು ತಾಯಿಯ ಡೋಸಿನ ಶೇ 2ರ ಆಸುಪಾಸು ಅಥವಾ ಇನ್ನೂ ಕಡಿಮೆ. ಡಾಕ್ಟರುಗಳು ಶೇ 10ರವರೆಗೆ ಒಪ್ಪುತ್ತಾರೆ. ಅರಿಪಿಪ್ರಜೋಲ್‌ನಲ್ಲಿ ಹಾಲೇ ಕಡಿಮೆಯಾಗಬಹುದು. ಕ್ಲೋಜಪೀನ್ ತೆಗೆದುಕೊಳ್ಳುವವರಿಗೆ ಎದೆಹಾಲು ಕೊಡಬೇಡಿ ಎನ್ನುತ್ತಾರೆ. ದಿನ ತುಂಬದೆ ಹುಟ್ಟಿದ ಮಗುವಿನ ವಿಷಯದಲ್ಲಿ ಮಕ್ಕಳ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಬಸಿರಿನಲ್ಲಿ ಏರಿಸಿದ್ದ ಡೋಸನ್ನು ಇಳಿಸುವ ಆತುರ ಆ ವಾರಗಳಲ್ಲಿ ಬೇಡ. ಕಿಣ್ವಗಳು ಮೊದಲಿನ ಸ್ಥಿತಿಗೆ ಮರಳಿ ಮಂಪರು ಹೆಚ್ಚಾಗುತ್ತಿದೆ ಅನಿಸಿದರೆ ಆಗ ಡಾಕ್ಟರು ನೋಡಿ ಇಳಿಸುತ್ತಾರೆ, ಅಲ್ಲಿಯವರೆಗೆ ಮಂಪರಿನಲ್ಲಿರುವ ತಾಯಿ ಮಗುವನ್ನು ತನ್ನ ಹಾಸಿಗೆಯಲ್ಲೇ ಪಕ್ಕಕ್ಕೆ ಹಾಕಿಕೊಂಡು ಮಲಗಬಾರದು.